ಶ್ವೇತಭವನದ ಓಲೆಗಳು ಎಲ್ಲಿ ಹೋದವು?

ಕಂಪನಿಯ ಇಮೇಲ್ ಸರ್ವರ್ ಹಳತಾದಾಗ ಒಂದು ಮೀಟಿಂಗ್ ನಡೆಯುತ್ತದೆ. ಹೊಸದಕ್ಕೆ ಎಷ್ಟು ಖರ್ಚು, ಎಷ್ಟು ಹೊತ್ತು ಮೇಲ್ ನಿಲ್ಲುತ್ತದೆ, ಹಳೆಯದರಲ್ಲೇ ಇನ್ನೊಂದು ವರ್ಷ ತಳ್ಳಬಹುದೇ? ಮಾತು ಬಹುತೇಕ ಇಷ್ಟಕ್ಕೇ ಮುಗಿಯುತ್ತದೆ. ಹಳೆಯ ಪತ್ರಗಳನ್ನು ಮುಂದೆ ಯಾರು, ಹೇಗೆ ಕಾಪಾಡುತ್ತಾರೆ ಎಂಬುದು ಕೊನೆಯಲ್ಲಿ ನೆನಪಾಗುವ ಪ್ರಶ್ನೆ. ದಫ್ತರಗಳ ನಡುವೆ ದಿನ ಕಳೆಯುವ ನನ್ನಂಥ ಸಂಶೋಧನಾ ವಿದ್ಯಾರ್ಥಿಗೆ ಅದೇ ಮೊದಲ ಪ್ರಶ್ನೆ. ಅದನ್ನು ಆಮೇಲೆ ನೋಡೋಣ ಎಂದು ಬಿಟ್ಟರೆ ಏನಾಗುತ್ತದೆಂದು ತಿಳಿಯಲು ಅಮೆರಿಕದ ಶ್ವೇತಭವನದತ್ತ ನೋಡಬೇಕು.

1986ರಲ್ಲಿ ಇರಾನ್-ಕಾಂಟ್ರಾ ಹಗರಣ ಬಯಲಾಗುತ್ತಿದ್ದಂತೆ ಆಲಿವರ್ ನಾರ್ತ್ ಮತ್ತು ಜಾನ್ ಪಾಯಿಂಡೆಕ್ಸ್‌ಟರ್ ತಮ್ಮ ಇಮೇಲುಗಳನ್ನು ಅಳಿಸಿಹಾಕಿದರು. ಆದರೆ ಬ್ಯಾಕಪ್ ಟೇಪುಗಳಲ್ಲಿ ಪ್ರತಿಗಳು ಉಳಿದಿದ್ದವು, ತನಿಖೆಗೆ ಸಿಕ್ಕವು. 1989ರ ಜನವರಿಯಲ್ಲಿ, ರೇಗನ್ ಅಧಿಕಾರ ಬಿಡುವ ಹಿಂದಿನ ದಿನ, ಇಂಥ ಟೇಪುಗಳನ್ನು ಅಳಿಸದಂತೆ ತಡೆಯಬೇಕೆಂದು ಪತ್ರಕರ್ತ ಸ್ಕಾಟ್ ಆರ್ಮ್‌ಸ್ಟ್ರಾಂಗ್ ಮತ್ತು ಸಂಗಡಿಗರು ಕೋರ್ಟಿನ ಮೆಟ್ಟಿಲೇರಿದರು. ಇಮೇಲನ್ನು ಕಾಗದದಲ್ಲಿ ಮುದ್ರಿಸಿಟ್ಟರೆ ಸಾಲದು, ವಿದ್ಯುನ್ಮಾನ ರೂಪದಲ್ಲೇ ಉಳಿಸಬೇಕು ಎಂದು 1993ರಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಿತು. ಕ್ಲಿಂಟನ್ ಕಾಲದಲ್ಲಿ 'ಆರ್ಮ್ಸ್' ಎಂಬ ವ್ಯವಸ್ಥೆ ಬಂತು. ದೋಷಗಳು ಅದರಲ್ಲೂ ಇದ್ದವು. ಆದರೂ ಪತ್ರಗಳ ನಕಲು ತಾನಾಗಿಯೇ ಭಂಡಾರ ಸೇರುವ ದಾರಿಯೊಂದು ಇತ್ತು.

ಈ ದಾರಿ ಕಡಿದುಹೋದದ್ದು ಅಪ್‌ಗ್ರೇಡಿನಲ್ಲಿ. 2002ರ ಸುಮಾರಿಗೆ ಬುಷ್ ಆಡಳಿತ ಲೋಟಸ್ ನೋಟ್ಸ್ ಬಿಟ್ಟು ಮೈಕ್ರೋಸಾಫ್ಟ್ ಎಕ್ಸ್‌ಚೇಂಜಿಗೆ ಬದಲಾಗತೊಡಗಿತು. ಬದಲಾದದ್ದು ತಪ್ಪಲ್ಲ, ಹಳೆಯದನ್ನೇ ಹಿಡಿದು ಕೂರಲು ಯಾವ ಕಚೇರಿಗೂ ಆಗದು. ಆದರೆ ಆರ್ಮ್ಸ್ ಎಕ್ಸ್‌ಚೇಂಜಿನ ಜೊತೆ ಹೊಂದಿಕೊಳ್ಳಲಿಲ್ಲ. ಅದರ ಜಾಗಕ್ಕೆ ಇನ್ನೊಂದು ಸಿದ್ಧವಾಗುವ ಮೊದಲೇ ಮೇಲ್ ಸ್ಥಳಾಂತರಗೊಂಡಿತು. ಸಿಬ್ಬಂದಿ ಪತ್ರಗಳನ್ನು ಕೈಯಾರೆ ಪಿಎಸ್‌ಟಿ ಫೈಲುಗಳಿಗೆ ತುಂಬಿಸಿ ಸರ್ವರಿನಲ್ಲಿಡುವ ತಾತ್ಕಾಲಿಕ ಏರ್ಪಾಡು ನಡೆಯಿತು. ತಾತ್ಕಾಲಿಕ ಎಂಬುದು ಸರ್ಕಾರಗಳಲ್ಲಿ ಎಷ್ಟು ವರ್ಷ ಬಾಳುತ್ತದೆಂದು ಹೇಳಬೇಕಿಲ್ಲ.

ಇದು ಯಾವ ಕಾಲ ಎಂಬುದನ್ನು ನೆನೆಯಿರಿ. 2003ರ ಮಾರ್ಚಿನಲ್ಲಿ ಇರಾಕ್ ಯುದ್ಧ ಶುರುವಾಯಿತು. ಅದೇ ವರ್ಷ ಸಿಐಎ ಅಧಿಕಾರಿ ವಾಲರಿ ಪ್ಲೇಮ್ ಹೆಸರು ಬಯಲಾದ ಪ್ರಕರಣದ ತನಿಖೆಯೂ ಆರಂಭವಾಯಿತು. 2003ರ ಕೆಲವು ಅವಧಿಯ ಇಮೇಲುಗಳೆಲ್ಲ ಎಂದಿನ ಕ್ರಮದಲ್ಲಿ ಉಳಿದಿಲ್ಲವೆಂದು ತಮಗೆ ತಿಳಿದುಬಂದಿದೆ ಎಂದು 2006ರಲ್ಲಿ ವಿಶೇಷ ತನಿಖಾಧಿಕಾರಿ ಬರೆದರು. ಒಂದಲ್ಲ ಒಂದು ಕಚೇರಿಯ ಒಂದು ಪತ್ರವೂ ಸಂಗ್ರಹದಲ್ಲಿಲ್ಲದ ದಿನಗಳು 473 ಎಂದು 2005ರ ಒಳ ಪರಿಶೀಲನೆ ಲೆಕ್ಕ ಹಾಕಿತ್ತು. ಶ್ವೇತಭವನ ಆ ಲೆಕ್ಕವನ್ನು ಒಪ್ಪಲಿಲ್ಲ.

ಬ್ಯಾಕಪ್ ಟೇಪುಗಳಾದರೂ ಇದ್ದವಲ್ಲ ಎನ್ನುತ್ತೀರಾ? 2003ರ ಅಕ್ಟೋಬರ್‌ವರೆಗೆ ಅವುಗಳ ಮೇಲೆಯೇ ಮತ್ತೆ ಮತ್ತೆ ಬರೆಯಲಾಗುತ್ತಿತ್ತು. ನಮ್ಮ ಹಳೆಯ ವರ್ತಕರ ಕಪ್ಪು ಬಟ್ಟೆಯ ಕಡತದಲ್ಲಿ ಬಳಪದ ಲೆಕ್ಕವನ್ನು ಒರೆಸಿ ಹೊಸದನ್ನು ಬರೆಯುತ್ತಿದ್ದ ಹಾಗೆ.

2007ರಲ್ಲಿ ಎರಡು ಸಂಸ್ಥೆಗಳು ಮೊಕದ್ದಮೆ ಹೂಡಿದವು. 2009ರ ಡಿಸೆಂಬರ್‌ನಲ್ಲಿ ಒಬಾಮ ಆಡಳಿತದೊಂದಿಗೆ ರಾಜಿಯಾದಾಗ, ತಪ್ಪು ಗುರುತು ಹಚ್ಚಿದ್ದರಿಂದ ಲೆಕ್ಕಕ್ಕೆ ಸಿಗದೆ ಹೋಗಿದ್ದ 2.2 ಕೋಟಿ ಇಮೇಲುಗಳು ಪತ್ತೆಯಾಗಿದ್ದವು. ಉಳಿದ ಟೇಪುಗಳಿಂದ ಮತ್ತೆ ಹೊರತೆಗೆಯಲು ಒಪ್ಪಿದ್ದು 94 ದಿನಗಳ ಪತ್ರಗಳನ್ನು ಮಾತ್ರ. ಮಿಕ್ಕ ದಿನಗಳಿಗೆ ಹಣ ಸಾಲದು ಎಂದಾಯಿತು.