ಹರಿಶ್ಚಂದ್ರ ಘಾಟಿನಿಂದ ಕ್ಯೋಟೋ ಎಷ್ಟು ದೂರ?

ಕಾಶಿಯ ಹರಿಶ್ಚಂದ್ರ ಘಾಟಿನ ದಕ್ಷಿಣಕ್ಕೆ ಅಂಟಿಕೊಂಡಂತಿರುವುದು ಕರ್ನಾಟಕ ಘಾಟ್. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮೈಸೂರು ಸಂಸ್ಥಾನ ಕಟ್ಟಿಸಿದ ಸೋಪಾನಗಳು ಅವು. ಹೊರನಾಡಿನಲ್ಲಿ ಬಾಳುವ ನಾವು ಕಾಶಿಗೆ ಹೋದಾಗ 'ಇದು ನಮ್ಮದು' ಎಂದು ಅಲ್ಲಿ ಕಾಲೂರುತ್ತೇವೆ. ಗಾಳಿ ತಿರುಗಿದರೆ ಪಕ್ಕದ ಚಿತೆಗಳ ಹೊಗೆ ಕಣ್ಣಿಗೆ ಬರುತ್ತದೆ. ನಾಲ್ವಡಿ ಕೃಷ್ಣರಾಜ ಒಡೆಯರು 1916ರಲ್ಲಿ ಸ್ಥಾಪನೆಯಾದ ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಮೊದಲ ಕುಲಪತಿಗಳಾಗಿದ್ದರು. ಅದಕ್ಕಿಂತ ಬಹಳ ಹಳೆಯ ನಂಟು ರಾಘವಾಂಕನದು. ಸುಮಾರು ಹದಿಮೂರನೆಯ ಶತಮಾನದಲ್ಲಿ ಹಂಪೆಯ ಆ ಕವಿ ಹರಿಶ್ಚಂದ್ರನನ್ನು ಕಾಶಿಯ ಮಸಣಕ್ಕೆ ತಂದು, ವೀರಬಾಹುಕನ ಆಳಾಗಿ ನಿಲ್ಲಿಸಿದನು.

ಈ ಘಾಟನ್ನು ಹೊತ್ತ ನಗರವನ್ನು 2014ರ ಆಗಸ್ಟ್ 30ರಂದು ಜಪಾನಿನ ಕ್ಯೋಟೋದೊಡನೆ ಸಹಭಾಗಿ ನಗರವೆಂದು ಜೋಡಿಸಲಾಯಿತು. ಅಂದಿನಿಂದ 'ಕಾಶಿ ಕ್ಯೋಟೋ ಆಗುವುದೆಂದು?' ಎಂಬ ಪ್ರಶ್ನೆ ಕೆಲವರಿಗೆ ಕನಸು, ಕೆಲವರಿಗೆ ಕುಹಕ. ಪ್ರಶ್ನೆಯೇನೋ ಹೊಸದಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರು 1898ರಲ್ಲೇ ಜಪಾನಿಗೆ ಹೋಗಿ ನೋಡಿ ಬಂದಿದ್ದರು. 1920ರಲ್ಲಿ ಪ್ರಕಟವಾದ 'ರೀಕನ್‌ಸ್ಟ್ರಕ್ಟಿಂಗ್ ಇಂಡಿಯಾ' ಗ್ರಂಥದಲ್ಲಿ ಭಾರತವನ್ನು ಮುಂದುವರಿದ ದೇಶಗಳ ಪಕ್ಕದಲ್ಲಿಟ್ಟು ಅಳೆದರು. ಆ ಅಳತೆಯ ಹಿಂದಿನ ತಳಮಳ ಸಕಾರಣವಾದದ್ದು. ಸ್ವಾತಂತ್ರ್ಯದ ಹೊತ್ತಿಗೆ ಭಾರತೀಯನ ಸರಾಸರಿ ಆಯುಸ್ಸು ಸುಮಾರು 32 ವರ್ಷ. ಯುದ್ಧದಲ್ಲಿ ನುಚ್ಚುನೂರಾಗಿದ್ದ ಜಪಾನಿನಲ್ಲಿ 1950ರಷ್ಟರಲ್ಲಿ ಅದು ಅರವತ್ತರ ಆಸುಪಾಸಿನಲ್ಲಿತ್ತು. ಇಂದು ನಮ್ಮದು ಎಪ್ಪತ್ತನ್ನು ಮುಟ್ಟಿದೆ, ಅವರದು ಸುಮಾರು 84. ಅಂತರ ಕಿರಿದಾಯಿತು, ಅಳಿಯಲಿಲ್ಲ.

ಆದರೆ ಮಸಣದ ಪಕ್ಕದಲ್ಲಿ ನಿಂತು ಎರಡು ದೇಶಗಳನ್ನು ಹೋಲಿಸುವಾಗ ಆಯುಸ್ಸಿನ ಅಂಕಿಯೊಂದೇ ಸಾಲದು. ಹೆಣ ಸುಡುವ ಸಂಪ್ರದಾಯ ಎರಡೂ ಕಡೆ ಇದೆ. ಕ್ಯೋಟೋ 794ರಲ್ಲಿ ರಾಜಧಾನಿಯಾಯಿತು. ಅದರ ಪೂರ್ವದ ಬೆಟ್ಟಗಳ ತಪ್ಪಲಿನ ತೊರಿಬೆನೊ ಶತಮಾನಗಳ ಕಾಲ ಆ ಊರಿನ ಮಸಣವಾಗಿತ್ತು. ಹಳೆಯ ಜಪಾನೀ ಸಾಹಿತ್ಯದಲ್ಲಿ ತೊರಿಬೆನೊದ ಹೊಗೆ ಎಂದರೆ ಬಾಳಿನ ಅನಿತ್ಯತೆ ಎಂದೇ ಅರ್ಥ. ಮೇಜೀ ಸರ್ಕಾರ 1873ರಲ್ಲಿ, ದಹನವು ಬೌದ್ಧರ ಪದ್ಧತಿಯೆಂದು ಅದನ್ನು ನಿಷೇಧಿಸಿತು. ಹೂಳಲು ನೆಲ ಸಾಲದೆ ಹೋಯಿತು. 1875ರಲ್ಲಿ ನಿಷೇಧ ರದ್ದಾಯಿತು. ಅಲ್ಲಿಂದ ಸರ್ಕಾರದ ನಿಲುವೇ ಮಗುಚಿತು: 1897ರ ಸಾಂಕ್ರಾಮಿಕ ರೋಗ ಕಾಯಿದೆ, ಅಂಥ ರೋಗಗಳಿಂದ ಸತ್ತವರನ್ನು ಸುಡಲೇಬೇಕೆಂದು ವಿಧಿಸಿತು. ವಿಶ್ವೇಶ್ವರಯ್ಯನವರು ಅಲ್ಲಿಗೆ ಹೋದದ್ದು ಮರುವರ್ಷ. ಇಂದು ಜಪಾನಿನಲ್ಲಿ ಹೆಚ್ಚುಕಡಿಮೆ ಎಲ್ಲರ ದೇಹವೂ ಮುಚ್ಚಿದ ಕುಲುಮೆಗಳಲ್ಲಿ ಬೂದಿಯಾಗುತ್ತದೆ. ಬಂಧುಗಳು ಉಳಿದ ಅಸ್ಥಿಯನ್ನು ಕಡ್ಡಿಗಳಿಂದ ಹೆಕ್ಕಿ ಕುಂಡದಲ್ಲಿಡುತ್ತಾರೆ.

ಹರಿಶ್ಚಂದ್ರ ಘಾಟಿನಲ್ಲೂ ಗಂಗಾ ಶುದ್ಧೀಕರಣದ ಕಾರ್ಯಕ್ರಮಗಳ ಭಾಗವಾಗಿ ವಿದ್ಯುತ್ ಚಿತಾಗಾರ ಬಂದಿತು. ಸೌದೆಯ ಚಿತೆಗೆ ತಗಲುವ ಹಣದ ಸಣ್ಣ ಪಾಲಿನಲ್ಲಿ ಅಲ್ಲಿ ಕೆಲಸ ಮುಗಿಯುತ್ತದೆ. ಆದರೂ ಅದರ ಪಕ್ಕದಲ್ಲೇ ನೂರಾರು ಕಿಲೋ ಕಟ್ಟಿಗೆಯ ಚಿತೆಗಳು ಉರಿಯುತ್ತಲೇ ಇವೆ. ಜಪಾನಿನ ಶಿಸ್ತನ್ನು ಮೆಚ್ಚುವ ನಮ್ಮಲ್ಲೇ ಎಷ್ಟು ಜನ ನಮ್ಮ ತಂದೆತಾಯಿಯರಿಗೆ ಕುಲುಮೆಯನ್ನು ಆರಿಸುತ್ತೇವೆ ಎಂದು ಕೇಳಿಕೊಂಡರೆ ಉತ್ತರ ಅಷ್ಟು ಸಲೀಸಲ್ಲ.

ರಾಘವಾಂಕನ ಕಾವ್ಯ ನಮ್ಮನ್ನು ಇನ್ನೂ ಆಳಕ್ಕೆ ಒಯ್ಯುತ್ತದೆ. ಹಾಡಿ ಕುಣಿದು ಮೆಚ್ಚಿಸಿದ ಇಬ್ಬರು ಹೊಲತಿಯರನ್ನು ಮದುವೆಯಾಗಲು ಕುಲದ ಕಾರಣದಿಂದ ಒಲ್ಲೆನೆಂದ ದೊರೆ, ಕೊನೆಗೆ ಅದೇ ಕುಲದವನ ಆಳಾಗಿ ಮಸಣ ಕಾಯುತ್ತಾನೆ. ಅವನದು ಕೆಲಕಾಲದ ವ್ರತ; ಡೋಮರದು ತಲೆಮಾರುಗಳ ಬದುಕು. ಚಿತೆಗೆ ಬೆಂಕಿ ಅವರಿಂದಲೇ ಬರಬೇಕು, ಮುಟ್ಟಿಸಿಕೊಳ್ಳಲು ಮಾತ್ರ ಅವರು ಬೇಡ! ಇದು ನಮ್ಮೊಬ್ಬರದೇ ರೋಗವೆಂದು ತಿಳಿದರೆ ತಪ್ಪಾದೀತು. ಚರ್ಮ ಹದಮಾಡುವ, ಸಾವಿನ ಮೈಲಿಗೆಗೆ ಸೇರಿದ ಕೆಲಸಗಳನ್ನು ಮಾಡುವ ಜನರನ್ನು ಜಪಾನೂ ಊರಾಚೆ ಇಟ್ಟಿತ್ತು. 1871ರ ರಾಜಾಜ್ಞೆ ಆ ಹೀನ ಹೆಸರುಗಳನ್ನು ಅಳಿಸಿತು, ವಿಳಾಸಗಳನ್ನು ಅಳಿಸಲಿಲ್ಲ. ಬುರಾಕು ಎನಿಸಿಕೊಂಡ ಆ ಕೇರಿಗಳ ಜನ 1922ರ ಮಾರ್ಚ್ 3ರಂದು ತಮ್ಮ ಸಮಾನತೆಯ ಸಂಘ 'ಸುಯ್‌ಹೇಶಾ'ವನ್ನು ಕಟ್ಟಿದರು. ಕಟ್ಟಿದ್ದು ಬೇರೆಲ್ಲೂ ಅಲ್ಲ, ಕ್ಯೋಟೋದಲ್ಲಿ. ಅಂಬೇಡ್ಕರರ ಮಹಾಡ್ ಸತ್ಯಾಗ್ರಹಕ್ಕೆ ಐದು ವರ್ಷ ಮೊದಲು. ಜಪಾನ್ ಸಿರಿವಂತ ದೇಶವಾದ ಮೇಲೂ, 1975ರಲ್ಲಿ, ಆ ಕೇರಿಗಳ ವಿಳಾಸಪಟ್ಟಿಯ ಪುಸ್ತಕಗಳು ಗುಟ್ಟಾಗಿ ಕಂಪನಿಗಳಿಗೆ ಮಾರಾಟವಾಗುತ್ತಿದ್ದುದು ಬಯಲಾಯಿತು. ಕೆಲಸ ಕೇಳಿ ಬಂದವರ ಮೂಲವನ್ನು ಶೋಧಿಸುವುದಕ್ಕೆಂದು ಅವನ್ನು ಕೊಳ್ಳುತ್ತಿದ್ದರು.

ಹಾಗೆಂದು ಎರಡೂ ದೇಶಗಳನ್ನು ಒಂದೇ ತಕ್ಕಡಿಯಲ್ಲಿ ಸಮ ಎಂದುಬಿಡಲಾಗದು. ಬುರಾಕು ಕೇರಿಗಳ ಮನೆ, ರಸ್ತೆ, ಶಾಲೆಗಳಿಗೆಂದೇ ಜಪಾನ್ 1969ರಲ್ಲಿ ವಿಶೇಷ ಕಾಯಿದೆ ಮಾಡಿ ದಶಕಗಳ ಕಾಲ ಹಣ ಸುರಿಯಿತು. ನಮ್ಮಲ್ಲಿ ಮನ್ನಣೆ ಮೊದಲು ವ್ಯಕ್ತಿಗೆ ಬರುತ್ತದೆ: ಕಾಶಿಯ ಡೋಮ್ ರಾಜ ಜಗದೀಶ್ ಚೌಧರಿಯವರು 2020ರಲ್ಲಿ ತೀರಿಕೊಂಡರು, 2021ರಲ್ಲಿ ಅವರಿಗೆ ಮರಣೋತ್ತರ ಪದ್ಮಶ್ರೀ ಸಂದಿತು. ಘಾಟಿನಲ್ಲಿ ಆರಿದ ಚಿತೆಯ ಬೂದಿಯನ್ನು ನೀರಿನಲ್ಲಿ ಜಾಲಿಸಿ ಚಿನ್ನದ ಚೂರು ಹುಡುಕುವ ಕೈಗಳು ಇನ್ನೂ ಇವೆ. ಮಳೆಗಾಲದಲ್ಲಿ ಗಂಗೆ ಏರಿದಾಗ ಹರಿಶ್ಚಂದ್ರ ಘಾಟಿನ ಮೆಟ್ಟಿಲುಗಳು ಮುಳುಗುತ್ತವೆ, ಮೈಸೂರಿನವರು ಕಟ್ಟಿಸಿದವೂ ಮುಳುಗುತ್ತವೆ. ಆಗ ಚಿತೆಗಳು ಮೇಲಿನ ಗಲ್ಲಿಯೊಳಕ್ಕೆ ಬರುತ್ತವೆ, ಹೆಣ ಹೊತ್ತವರು ಅಲ್ಲಿ ಸರದಿಯಲ್ಲಿ ಕಾಯುತ್ತಾರೆ. ಡೋಮರ ಮನೆಗಳಿರುವುದೂ ಅಲ್ಲೇ.