ರೋಜಕೀರ್ದಿಯಿಂದ ಟ್ಯಾಲಿವರೆಗೆ: ಗಡಿಯ ಅಂಗಡಿಯ ಲೆಕ್ಕ

ಉಮರ್ಗಾ, ನಿಲಂಗಾ, ಉದಗೀರ ಸುತ್ತಿನ ಊರುಗಳಲ್ಲಿ ಒಬ್ಬನೇ ನಡೆಸುವ ಅಂಗಡಿಗಳು ಬಾಳ. ಕಿರಾಣಿ, ಹೊಲಿಗೆ ಅಂಗಡಿ, ಹಿಟ್ಟಿನ ಗಿರಣಿ, ಮೋಟಾರ್ ರಿಪೇರಿ. ಮಾಲು ತರೋನೂ ಅವನೇ, ತೂಗಿ ಕೊಡೋನೂ ಅವನೇ, ರಾತ್ರಿ ಕೂತು ಲೆಕ್ಕ ಬರಿಯೋನೂ ಅವನೇ. ಇಂಥವರು ಈಗ ಕೇಳುವ ಪ್ರಶ್ನೆ ಒಂದೇ: "ಕಂಪ್ಯೂಟರಿನಾಗ ಲೆಕ್ಕ ಇಡಬೇಕಂತ, ಕಡಿಮಿ ಖರ್ಚಿನಾಗ ಯಾವುದು ಚಲೋ?" ಇದು ಹೊಸ ಪ್ರಶ್ನೆಯಂತೆ ಕಂಡರೂ ಹೊಸದಲ್ಲ. ಯಾವ ಲಿಪಿಯಲ್ಲಿ ಬರೆಯಬೇಕು, ಯಾವ ನಾಣ್ಯದಲ್ಲಿ ಎಣಿಸಬೇಕು, ಪುಸ್ತಕ ಯಾರ ಹತ್ತಿರ ಇರಬೇಕು ಎಂಬ ಮಾತುಗಳನ್ನು ಈ ಸೀಮೆಯ ವ್ಯಾಪಾರಿಗಳು ನೂರೈವತ್ತು ವರ್ಷದಿಂದ ಎದುರಿಸುತ್ತ ಬಂದಿದ್ದಾರೆ. ಆ ಕತೆ ತಿಳಿದರೆ ಇವತ್ತಿನ ಆಯ್ಕೆ ಸುಲಭ.

ಲೆಕ್ಕ ಎಂದರೆ ನಂಬಿಕೆಯ ಮಾತು. ನಮ್ಮ ಪಕ್ಕದ ಕಲ್ಯಾಣದಲ್ಲಿ 12ನೇ ಶತಮಾನದಲ್ಲಿ ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನವರು ಮೊದಲು ಕರಣಿಕರಾಗಿ, ಅಂದರೆ ಲೆಕ್ಕ ಬರೆಯುವವರಾಗಿ ಕೆಲಸಕ್ಕೆ ಸೇರಿದರು ಎಂದು ಪರಂಪರೆ ಹೇಳುತ್ತದೆ. ಭಂಡಾರದ ಹಣವನ್ನು ಜಂಗಮರಿಗೆ ಸುರಿದರು ಎಂಬ ದೂರು ಹೋಗಿ, ರಾಜ ಎಣಿಸಿ ನೋಡಿದಾಗ ಒಂದು ಕಾಸೂ ಕಡಿಮೆ ಬರಲಿಲ್ಲ ಎಂಬ ಕತೆಯನ್ನು ನಮ್ಮ ಹಿರಿಯರು ಈಗಲೂ ಹೇಳುತ್ತಾರೆ. ಕತೆಯ ಪವಾಡವನ್ನು ಪಕ್ಕಕ್ಕಿಟ್ಟು ನೋಡಿದರೂ ಒಂದು ಮಾತು ಉಳಿಯುತ್ತದೆ. ಯಾರು ಯಾವಾಗ ಕೇಳಿದರೂ ಲೆಕ್ಕ ತೆರೆದು ತೋರಿಸುವಂತಿರಬೇಕು.

ಹಿಂದೆ ಕನ್ನಡ ನಾಡಿನಲ್ಲಿ ಲೆಕ್ಕಕ್ಕೆ ಕಡತ ಬಳಸುತ್ತಿದ್ದರು. ಬಟ್ಟೆಗೆ ಹುಣಸೆಬೀಜದ ಸರಿ ಮತ್ತು ಇದ್ದಿಲ ಪುಡಿ ಹಚ್ಚಿ, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಿಂದ ಬರೆಯುತ್ತಿದ್ದರು. ಬೇಡವಾದಾಗ ಅಳಿಸಿ ಮತ್ತೆ ಮಸಿ ಹಚ್ಚಿದರೆ ಆಯಿತು. ಇವತ್ತು ಕಚೇರಿಯ ಫೈಲಿಗೆ ಕಡತ ಅನ್ನುವುದು ಇದರಿಂದಲೇ. ಕಾಗದ ಸಲೀಸಾಗಿ ಸಿಗತೊಡಗಿದ ಮೇಲೆ ಕೆಂಪು ರಟ್ಟಿನ, ದಾರ ಕಟ್ಟಿದ ಉದ್ದನೆಯ ವಹಿಗಳು ಬಂದವು. ಅದರಲ್ಲಿ ಮುಖ್ಯವಾದವು ಎರಡು. ದಿನದ ಜಮಾ-ಖರ್ಚು ಬರೆಯುವುದು ರೋಜಕೀರ್ದಿ. ಅದರಿಂದ ಒಬ್ಬೊಬ್ಬರ ಹೆಸರಿಗೆ ಎತ್ತಿ ಬರೆಯುವುದು ಖತಾವಣಿ. ಸಂಜೆ ಕೈಯಲ್ಲಿ ಉಳಿದ ಶಿಲ್ಕಿಗೂ ಪುಸ್ತಕದ ಶಿಲ್ಕಿಗೂ ತಾಳೆ ಬಿದ್ದರೆ ನಿದ್ದೆ. ಇಟಲಿಯ ವೆನಿಸ್ ನಗರದಲ್ಲಿ 1494ರಲ್ಲಿ ಲೂಕಾ ಪಾಚೊಲಿ ಎಂಬ ಗಣಿತಜ್ಞ, ಪ್ರತಿ ವ್ಯವಹಾರವನ್ನೂ ಎರಡು ಕಡೆ ಬರೆಯುವ ಪದ್ಧತಿಯನ್ನು ಅಚ್ಚುಮಾಡಿಸಿದ. ಇವತ್ತಿನ ಎಲ್ಲ ದೊಡ್ಡ ತಂತ್ರಾಂಶಗಳ ಒಳಗೆ ಇರುವುದು ಆ ಪದ್ಧತಿಯೇ. ರೋಜಕೀರ್ದಿ, ಖತಾವಣಿ ತಿಳಿದವರಿಗೆ ಅದನ್ನು ಕಲಿಯುವುದು ಕಷ್ಟವಲ್ಲ.

ತೊಂದರೆ ಇದ್ದದ್ದು ಲಿಪಿಯಲ್ಲಿ. ನಮ್ಮ ಕಡೆ ಮನೆಮಾತು ಕನ್ನಡ. ಕುಲಕರ್ಣಿಯರ, ಸಾವ್ಕಾರರ ಬರಹ ಮರಾಠಿ ಮೋಡಿ. ಹೈದರಾಬಾದ್ ಸರ್ಕಾರದ ಕಾಗದ ಮೊದಲು ಫಾರ್ಸಿ, 1880ರ ದಶಕದಿಂದ ಉರ್ದು. ವರ್ಷ ಬರೆಯುವುದು ಫಸಲಿಯಲ್ಲಿ. ಫಸಲಿ 1357 ಅಂದರೆ 1947-48. ಒಬ್ಬ ರೈತ ತನ್ನ ಹೆಸರಿನ ಖಾತೆಯಲ್ಲಿ ಏನು ಬರೆದಿದೆ ಎಂದು ತಾನೇ ಓದಲು ಬರುತ್ತಿರಲಿಲ್ಲ. ಬರೆದವನು ಹೇಳಿದ್ದೇ ಬಾಕಿ, ತೋರಿಸಿದಲ್ಲಿ ಹೆಬ್ಬೆಟ್ಟು.

ಇದರ ಪರಿಣಾಮ ಎಷ್ಟು ದೊಡ್ಡದು ಎಂಬುದಕ್ಕೆ ಪುಣೆ ಜಿಲ್ಲೆಯ ಸುಪೆ ಗ್ರಾಮ ಸಾಕ್ಷಿ. 1875ರ ಮೇ 12ರಂದು ಅಲ್ಲಿ ರೈತರು ಸಾವ್ಕಾರರ ಮನೆಗೆ ನುಗ್ಗಿ ಸಾಲಪತ್ರ, ಲೆಕ್ಕದ ವಹಿಗಳನ್ನು ಕೇಳಿದರು. ಕೊಟ್ಟದ್ದನ್ನು ಸುಟ್ಟರು. ಗಲಭೆ ಅಹಮದನಗರ ಜಿಲ್ಲೆಗೂ ಹಬ್ಬಿತು. ಅವರ ಸಿಟ್ಟು ಮುಖ್ಯವಾಗಿ ಹೋದದ್ದು ತಮಗೆ ಓದಲು ಬಾರದ ಆ ಕಾಗದದ ಮೇಲೆ. ಬ್ರಿಟಿಷ್ ಸರ್ಕಾರ 1879ರಲ್ಲಿ ದಖ್ಖನ ರೈತರ ಪರಿಹಾರ ಕಾಯಿದೆ ತಂದಿತು. ಸಾಲಗಾರನು ಕೊಟ್ಟ ಹಣಕ್ಕೆ ರಸೀದಿ, ವರ್ಷಕ್ಕೊಮ್ಮೆ ಲೆಕ್ಕದ ತಪಶೀಲು, ಕೇಳಿದರೆ ಪಾಸ್‌ಬುಕ್ ಪಡೆಯುವ ಹಕ್ಕು ಅದರಲ್ಲಿತ್ತು. ಪುಣೆ, ಸಾತಾರಾ, ಅಹಮದನಗರ, ಸೋಲಾಪುರ ಜಿಲ್ಲೆಗಳಿಗೆ ಅದು ಅನ್ವಯಿಸಿತು. ಉಮರ್ಗಾದವರಿಗೆ ಸೋಲಾಪುರ ಪೇಟೆ ಹತ್ತಿರವೇ, ಆದರೂ ನಮ್ಮ ಊರುಗಳು ನಿಜಾಮನ ರಾಜ್ಯದಲ್ಲಿದ್ದ ಕಾರಣ ಆ ಹಕ್ಕು ಗಡಿಯ ಆಚೆಯೇ ನಿಂತಿತು.

ಗಡಿಯ ಇನ್ನೊಂದು ಕಾಟ ನಾಣ್ಯ. ನಿಜಾಮನ ಹಾಲಿ ಸಿಕ್ಕಾ ಬೇರೆ, ಇಂಗ್ರೇಜರ ಕಲ್ದಾರ್ ಬೇರೆ. ಸರ್ಕಾರಿ ದರದಲ್ಲಿ 100 ಕಲ್ದಾರಿಗೆ 116 ರೂಪಾಯಿ 10 ಆಣೆ 8 ಪೈ ಹಾಲಿ. ಸುಲಭದಲ್ಲಿ ಹೇಳುವುದಾದರೆ 6 ಕಲ್ದಾರ್ ಅಂದರೆ 7 ಹಾಲಿ. ಸೋಲಾಪುರದಲ್ಲಿ 60 ಕಲ್ದಾರಿಗೆ ಬಟ್ಟೆ ತಂದವನು ಇಲ್ಲಿ 70 ಹಾಲಿಗೆ ಮಾರಿದರೆ ಲಾಭ ಸೊನ್ನೆ. 65ಕ್ಕೆ ಮಾರಿ "ಐದು ರೂಪಾಯಿ ಉಳಿಯಿತು" ಎಂದುಕೊಂಡವನಿಗೆ ನಿಜವಾಗಿ ಐದು ರೂಪಾಯಿ ನಷ್ಟ. ಅದಕ್ಕೇ ಗಡಿಯ ವ್ಯಾಪಾರಿ ಯಾವ ರಕಮು ಯಾವ ಸಿಕ್ಕಾದ್ದು ಎಂದು ಬೇರೆ ಬೇರೆ ನೋಡಲೇಬೇಕಿತ್ತು.

1948ರ ಸೆಪ್ಟೆಂಬರಿನಲ್ಲಿ ನಿಜಾಮನ ಆಳ್ವಿಕೆ ಮುಗಿಯಿತು. ಆಮೇಲಿನ ಹತ್ತು-ಹದಿನೈದು ವರ್ಷಗಳಲ್ಲಿ ಅಂಗಡಿಕಾರನ ಪುಸ್ತಕ ಪೂರ್ತಿ ಬದಲಾಯಿತು. 1956ರ ನವೆಂಬರ್ 1ರಂದು ಬೀದರ ಜಿಲ್ಲೆಯ ಉದಗೀರ, ನಿಲಂಗಾ, ಅಹಮದಪುರ ತಾಲೂಕುಗಳು ಮುಂಬಯಿ ರಾಜ್ಯಕ್ಕೆ ಹೋಗಿ ಉಸ್ಮಾನಾಬಾದ್ ಜಿಲ್ಲೆಗೆ ಸೇರಿದವು. ಬೀದರ ಮೈಸೂರು ರಾಜ್ಯಕ್ಕೆ ಬಂತು. ನಿನ್ನೆವರೆಗೆ ಒಂದೇ ಜಿಲ್ಲೆಯಾಗಿದ್ದ ಪೇಟೆಗಳ ನಡುವೆ ರಾಜ್ಯದ ಗಡಿ ಎದ್ದಿತು. 1957ರ ಏಪ್ರಿಲ್ 1ರಂದು ನಯಾ ಪೈಸೆ ಬಂತು. ರೂಪಾಯಿಗೆ 16 ಆಣೆ ಇದ್ದದ್ದು 100 ಪೈಸೆ ಆಯಿತು. ನಾಲ್ಕಾಣೆಗೆ 25, ಎಂಟಾಣೆಗೆ 50 ಸರಿಹೋಯಿತು, ಒಂದಾಣೆಗೆ ಆರೂಕಾಲು ಪೈಸೆ ಎಂದಾಗ ಆ ಕಾಲು ಪೈಸೆ ಯಾರ ಪಾಲು? ಹಾಲಿ ಸಿಕ್ಕಾ ಚಲಾವಣೆಯಿಂದ ಹೋಯಿತು. ಸೇರು, ಮಣ, ಪಲ್ಲ ಹೋಗಿ ಕಿಲೋ, ಕ್ವಿಂಟಲ್ ಬಂದವು. 1960ರ ಮೇ 1ರಂದು ಮಹಾರಾಷ್ಟ್ರ ರಾಜ್ಯವಾಯಿತು. 1982ರಲ್ಲಿ ಲಾತೂರ ಬೇರೆ ಜಿಲ್ಲೆಯಾಗಿ ಉದಗೀರ, ನಿಲಂಗಾ ಅದಕ್ಕೆ ಸೇರಿದವು. ನಾಣ್ಯ, ತೂಕ, ರಾಜ್ಯ, ಕಚೇರಿ ಭಾಷೆ ಇಷ್ಟೂ ಬದಲಾದವು. ತಾನೇ ಲೆಕ್ಕ ಬರೆಯಬಲ್ಲವನು ತಾಳಿಕೊಂಡ. ಗುಮಾಸ್ತನನ್ನು ನಂಬಿದವನು ಗುಮಾಸ್ತನ ಕೈಯಲ್ಲೇ ಉಳಿದ.

ಕಂಪ್ಯೂಟರಿನ ಕಾಲದ ಕತೆ ಬೆಂಗಳೂರಿನದು. ಅಲ್ಲಿ ಶ್ಯಾಮಸುಂದರ ಗೋಯೆಂಕಾ ಎಂಬ ವ್ಯಾಪಾರಿ ಕಾರ್ಖಾನೆಗಳಿಗೆ ಕಚ್ಚಾ ಮಾಲು, ಯಂತ್ರದ ಬಿಡಿಭಾಗ ಪೂರೈಸುತ್ತಿದ್ದರು. ತಮ್ಮ ಲೆಕ್ಕಕ್ಕೆ ಒಗ್ಗುವ ತಂತ್ರಾಂಶ ಸಿಗದಿದ್ದಾಗ ಗಣಿತ ಓದಿದ ಮಗ ಭರತ್ ಗೋಯೆಂಕಾರಿಗೆ ಬರೆಯಲು ಹೇಳಿದರು. 1986ರಲ್ಲಿ ಹುಟ್ಟಿದ ಆ ಕಂಪನಿಯೇ ಇವತ್ತಿನ ಟ್ಯಾಲಿ. 2006ರ ಟ್ಯಾಲಿ 9ರಲ್ಲಿ ಕನ್ನಡ, ಮರಾಠಿ ಸೇರಿ ಹಲವು ಭಾರತೀಯ ಭಾಷೆಗಳು ಬಂದವು. ಭರತ್ ಗೋಯೆಂಕಾರಿಗೆ 2020ರಲ್ಲಿ ಪದ್ಮಶ್ರೀ ಬಂತು. ಒಂದು ಅಂಗಡಿಯ ತಾಪತ್ರಯದಿಂದ ಹುಟ್ಟಿದ ವಸ್ತು ದೇಶವೆಲ್ಲ ಹಬ್ಬಿತು. ಆದರೆ ಅದರ ಕಾಯಂ ಲೈಸೆನ್ಸಿನ ಬೆಲೆ ಈಗ 20 ಸಾವಿರ ದಾಟಿದೆ. ಗಿರಣಿ ನಡೆಸುವವನಿಗೆ ಅದು ಸಣ್ಣ ಮಾತಲ್ಲ.

2017ರ ಜುಲೈ 1ರಂದು ಜಿಎಸ್‌ಟಿ ಬಂದ ಮೇಲೆ ಕಂಪ್ಯೂಟರಿನ ಮಾತು ಸಣ್ಣ ಅಂಗಡಿಗೂ ಬಂತು. ಇಲ್ಲಿ ಹೆದರಿ ಖರೀದಿಗೆ ಓಡುವ ಮೊದಲು ಮಿತಿ ತಿಳಿಯಬೇಕು. ಮಹಾರಾಷ್ಟ್ರದಲ್ಲಿ ಬರೀ ಮಾಲು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ವಹಿವಾಟು ದಾಟುವವರೆಗೆ ಸಾಮಾನ್ಯವಾಗಿ ನೋಂದಣಿ ಬೇಡ. ಆದರೆ ಗಡಿ ಇಲ್ಲಿಯೂ ಕಾಡುತ್ತದೆ. ಬೇರೆ ರಾಜ್ಯಕ್ಕೆ ಮಾಲು ಕಳಿಸಿದರೆ ಈ 40 ಲಕ್ಷದ ಸವಲತ್ತು ಇಲ್ಲ, ನೋಂದಣಿ ಆಗಲೇಬೇಕು. ಗಿರಾಕಿ ಬಸವಕಲ್ಯಾಣದವನಾದರೂ ಉಮರ್ಗಾದ ಅಂಗಡಿಗೆ ಬಂದು ಕೈಯಲ್ಲಿ ಒಯ್ದು, ಬಿಲ್ಲಿನಲ್ಲಿ ಅವನ ವಿಳಾಸ ಬರೆಯದಿದ್ದರೆ ಅದು ಸಾಮಾನ್ಯವಾಗಿ ಇಲ್ಲಿಯ ಮಾರಾಟ. ನೀವೇ ಟೆಂಪೊದಲ್ಲಿ ಹಾಕಿ ಗಡಿಯಾಚೆ ಮುಟ್ಟಿಸಿದರೆ ಅಂತರರಾಜ್ಯ ಮಾರಾಟ. ಮೊದಲನೆಯದಕ್ಕೆ ಕೇಂದ್ರ-ರಾಜ್ಯ ಎರಡು ಪಾಲಿನ ತೆರಿಗೆ, ಎರಡನೆಯದಕ್ಕೆ ಐಜಿಎಸ್‌ಟಿ. ಹಾಲಿ-ಕಲ್ದಾರ್ ಹೋಯಿತು, ಎರಡು ಬಗೆಯ ಲೆಕ್ಕ ಉಳಿಯಿತು.

ಈಗ ಆಯ್ಕೆಗೆ ಬರೋಣ. ಹಿಂದಿನ ಕತೆಯೇ ನಾಲ್ಕು ಪ್ರಶ್ನೆ ಕೊಡುತ್ತದೆ.

ಮೊದಲನೆಯದು, ಬರೆದದ್ದು ನನಗೇ ಓದಲು ಬರುತ್ತದೆಯೇ? ಮೋಡಿಯ ಕಾಲದ ಪಾಠ ಇದು. ಕನ್ನಡವೋ ಮರಾಠಿಯೋ, ನಿಮಗೆ ರೂಢಿಯಾದ ಅಕ್ಷರದಲ್ಲಿ ಪರದೆ ಕಾಣಬೇಕು. ಇಂಗ್ಲಿಷ್ ಪರದೆ ನೋಡಿ ತಿಂಗಳಿಗೊಮ್ಮೆ ಬೇರೆಯವರಿಂದ ಓದಿಸುವುದಾದರೆ, ಅದು ಹಳೆ ಗುಮಾಸ್ತನೇ ಹೊಸ ಅಂಗಿ ಹಾಕಿಕೊಂಡು ಬಂದಂತೆ.

ಎರಡನೆಯದು, ಪುಸ್ತಕ ಯಾರ ಮನೆಯಲ್ಲಿದೆ? ಲೆಕ್ಕ ಕಂಪನಿಯ ಕಂಪ್ಯೂಟರಿನಲ್ಲಿ ಮಾತ್ರ ಇದ್ದು, ಬಾಡಿಗೆ ನಿಂತ ದಿನ ಬಾಗಿಲು ಮುಚ್ಚಿದರೆ? ಜಿಎಸ್‌ಟಿ ನೋಂದಣಿ ಇದ್ದವರು ವಾರ್ಷಿಕ ಪತ್ರದ ಗಡುವಿನಿಂದ 72 ತಿಂಗಳು ದಾಖಲೆ ಕಾಯಬೇಕು ಎಂದು ಕಾನೂನಿದೆ. ಆದ್ದರಿಂದ ಎಲ್ಲ ಲೆಕ್ಕವನ್ನೂ ಎಕ್ಸೆಲ್ ಹಾಳೆಯಾಗಿ ಹೊರತೆಗೆಯಲು ಬರುತ್ತದೆಯೇ ಎಂದು ದುಡ್ಡು ಕೊಡುವ ಮೊದಲೇ ಮಾಡಿ ನೋಡಬೇಕು.

ಮೂರನೆಯದು, ಪೂರ್ತಿ ಖರ್ಚೆಷ್ಟು? ತಿಂಗಳಿಗೆ 250 ರೂಪಾಯಿ ಅಂದರೆ ಹಗುರ ಅನ್ನಿಸುತ್ತದೆ. ವರ್ಷಕ್ಕೆ 3 ಸಾವಿರ, ಆರು ವರ್ಷಕ್ಕೆ 18 ಸಾವಿರ. ಆಗ ಟ್ಯಾಲಿಯ ಬೆಲೆಯ ಹತ್ತಿರವೇ ಬಂತು. ಉಚಿತ ಎಂದವರನ್ನೂ ಕೇಳಬೇಕು: ಎಷ್ಟು ಬಿಲ್ಲಿನವರೆಗೆ ಉಚಿತ, ಎಷ್ಟು ದಿನ ಉಚಿತ?

ನಾಲ್ಕನೆಯದು, ಗಡಿಯ ಎರಡೂ ಕಡೆಯ ಬಿಲ್ಲನ್ನು ಬೇರೆ ಮಾಡುತ್ತದೆಯೇ?

ಮಿತಿಯ ಒಳಗಿರುವ ಹೊಲಿಗೆ ಅಂಗಡಿಗೆ ನನ್ನ ಅಭಿಪ್ರಾಯದಲ್ಲಿ ಒಂದು ವಹಿ ಮತ್ತು ಕಂಪ್ಯೂಟರಿನ ಕೋಷ್ಟಕ ಹಾಳೆ ಸಾಕು. ಲಿಬ್ರೆಆಫೀಸ್ ಕ್ಯಾಲ್ಕ್ ಪೂರ್ತಿ ಉಚಿತ. ತಾರೀಖು, ಹೆಸರು, ಜಮಾ, ಖರ್ಚು, ಶಿಲ್ಕು ಎಂದು ಐದು ಕಾಲಂ ಹಾಕಿದರೆ ಅದೇ ರೋಜಕೀರ್ದಿ. ಉದ್ರಿ ಹೆಚ್ಚಿರುವ ಕಿರಾಣಿಗೆ ಮೊಬೈಲಿನ ಖಾತಾಬುಕ್, ಓಕೆಕ್ರೆಡಿಟ್ ಥರದ್ದು ಅನುಕೂಲ. ಪ್ರತಿ ಬಾಕಿಯ ಸಂದೇಶ ಗಿರಾಕಿಗೂ ಹೋಗುವುದರಿಂದ 1879ರಲ್ಲಿ ಕಾಯಿದೆ ಮಾಡಿ ಕೊಡಿಸಬೇಕಾದ ತಪಶೀಲು ಈಗ ತಾನೇ ಅವನ ಕೈ ಸೇರುತ್ತದೆ. ನೋಂದಣಿ ಆದವರಿಗೆ ಬಿಲ್ಲಿನ ತಂತ್ರಾಂಶ ಬೇಕು. ಜಿಎಸ್‌ಟಿ ಜಾಲ ಸಂಸ್ಥೆ 2019ರಲ್ಲಿ 1.5 ಕೋಟಿ ವಹಿವಾಟಿನವರೆಗಿನವರಿಗೆ ಉಚಿತ ಬಿಲ್ಲಿಂಗ್ ತಂತ್ರಾಂಶದ ಏರ್ಪಾಡು ಮಾಡಿತ್ತು. ಅಂಥದ್ದನ್ನು ಮೊದಲು ವಿಚಾರಿಸಿ, ಸಾಲದಿದ್ದರೆ ವ್ಯಾಪಾರ್, ಟ್ಯಾಲಿ ಕಡೆ ಹೋಗಬಹುದು.

ಪೇಟೆಯಲ್ಲಿ ದೀಪಾವಳಿ ಪಾಡ್ಯಕ್ಕೆ ಈಗಲೂ ವಹಿ ಪೂಜೆ ನಡೆಯುತ್ತದೆ. ಆ ದಿನ ಒಂದು ಕೆಲಸ ಕೂಡಿಸಿಕೊಂಡರೆ ಒಳ್ಳೆಯದು. ವರ್ಷದ ಲೆಕ್ಕವನ್ನು ಪೆನ್‌ಡ್ರೈವಿಗೆ ಇಳಿಸಿ, ಬಾಕಿ ಯಾದಿಯನ್ನು ಅಚ್ಚು ತೆಗೆದು, ಮನೆಯವರಿಗೆ ಓದಿ ಹೇಳಿ ಪೆಟ್ಟಿಗೆಯಲ್ಲಿಡಿ. ಯಾರು ಯಾರಿಗೆ ಎಷ್ಟು ಕೊಡಬೇಕು ಎಂಬುದು ಅಂಗಡಿಕಾರನ ತಲೆಯಲ್ಲಿ ಮಾತ್ರ ಇದ್ದರೆ, ಅವನು ಹಾಸಿಗೆ ಹಿಡಿದ ದಿನ ಅಂಗಡಿಯೂ ಹಾಸಿಗೆ ಹಿಡಿಯುತ್ತದೆ.