ಹಸಿ ಕಡಿಯಬಾರದ ಮೂರು ದಿನ

ಪೊಳಲಿಯ ಸುತ್ತಿನ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಸೀಮೆಯಲ್ಲಿ ಮಕ್ಕಳಿಗೆ ಕಾಡು ಮತ್ತು ಮಣ್ಣಿನ ಮರ್ಯಾದೆಯನ್ನು ಬಹುಕಾಲ ಕಲಿಸಿದ್ದು ತುಳು ತಿಂಗಳುಗಳ ಆಚರಣೆಗಳು. ಡೇರೆ ಹಾಕಿ ಬಯಲಲ್ಲಿ ಮಲಗುವ ಶಿಬಿರ ಇಲ್ಲಿಗೆ ತಡವಾಗಿ ಬಂದದ್ದು.

ಇವುಗಳಲ್ಲಿ ಮುಖ್ಯವಾದುದು ಕೆಡ್ಡಸ. ಪುಯಿಂತೆಲ್ ತಿಂಗಳ ಕೊನೆಯಲ್ಲಿ, ಸಾಮಾನ್ಯವಾಗಿ ಫೆಬ್ರವರಿಯ ಎರಡನೇ ವಾರದಲ್ಲಿ, ಮೂರು ದಿನ ಭೂಮಿತಾಯಿ ಮುಟ್ಟಾಗುತ್ತಾಳೆಂಬುದು ನಂಬಿಕೆ. ಆ ದಿನಗಳಲ್ಲಿ ನೆಲ ಅಗೆಯುವಂತಿಲ್ಲ, ಉಳುವಂತಿಲ್ಲ, ಹಸಿ ಗಿಡ ಕಡಿಯುವಂತಿಲ್ಲ. ಕುಚ್ಚಲಕ್ಕಿ ಹುರಿದು ಪುಡಿಮಾಡಿ, ಬೆಲ್ಲ, ತೆಂಗಿನಕಾಯಿ ಸೇರಿಸಿದ ನನ್ನೆರಿಯನ್ನು ಭೂಮಿಗೂ ಬಡಿಸಿ ಮನೆಯವರು ತಿನ್ನುತ್ತಾರೆ. ಕೊನೆಯ ದಿನ ಅಂಗಳದಲ್ಲಿ ಸೆಗಣಿ ಸಾರಿಸಿ, ಅರಸಿನ, ಕುಂಕುಮ, ಎಣ್ಣೆ ಇಟ್ಟು ಭೂಮಿಯನ್ನು ಮೀಯಿಸುವುದು ಹೆಂಗಸರ ಕೆಲಸ. ನೆಲವೂ ದಣಿಯುತ್ತದೆ, ಅದಕ್ಕೂ ಬಿಡುವು ಬೇಕು ಎಂಬುದನ್ನು ಮಗು ಕಲಿಯುತ್ತಿದ್ದುದು ಅಲ್ಲೇ, ಅಜ್ಜಿಯ ಪಕ್ಕದಲ್ಲಿ ನಿಂತು.

ಆದರೆ ಕೆಡ್ಡಸವನ್ನು ಪರಿಸರದ ಹಬ್ಬ ಎಂದಷ್ಟೇ ಹೊಗಳಿದರೆ ಅರ್ಧ ಸತ್ಯವಾದೀತು. ಹಬ್ಬದ ಸುದ್ದಿಯನ್ನು ಮನೆಮನೆಗೆ ತರುತ್ತಿದ್ದವರು ನಲಿಕೆ ಸಮುದಾಯದವರು. ಹಸಿ ಕಡಿಯಬಾರದು, ಒಣಗಿದ್ದು ಮುರಿಯಬಾರದು ಎಂದು ಸಾರುತ್ತಿದ್ದ ಅವರ ಕರೆಯಲ್ಲೇ ಬೋಂಟೆಗೆ ಬರಬೇಕೆಂಬ ಮಾತೂ ಇರುತ್ತಿತ್ತು. ಬೋಂಟೆ ಎಂದರೆ ಊರೊಟ್ಟಿನ ಬೇಟೆ. ಗಂಡಸರು ನಾಯಿಗಳೊಂದಿಗೆ ಗುಡ್ಡ ಹತ್ತುವಾಗ ಹುಡುಗರೂ ಹಿಂದೆ ಓಡುತ್ತಿದ್ದರು. ಹೆಜ್ಜೆ ಗುರುತು, ಗಾಳಿಯ ದಿಕ್ಕು, ಪ್ರಾಣಿ ನೀರಿಗಿಳಿಯುವ ಜಾಗ, ಇವೆಲ್ಲ ಅವರಿಗೆ ತಿಳಿದದ್ದು ಕೊಲ್ಲಲು ಹೋದ ದಾರಿಯಲ್ಲೇ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಬೋಂಟೆ ಅಪರಾಧವಾಯಿತು. ನನ್ನೆರಿ ಉಳಿಯಿತು.

ಮಳೆಗಾಲದ ಪಾಠ ಆಟಿ ಅಮಾವಾಸ್ಯೆಯದು. ಅಂದು ಬೆಳಗಾಗುವ ಮೊದಲೇ ಪಾಲೆ ಮರದ ತೊಗಟೆ ತಂದು, ಅರೆದು ರಸ ತೆಗೆದು ಮನೆಮಂದಿಯೆಲ್ಲ ಕುಡಿಯುತ್ತಾರೆ; ಮಕ್ಕಳು ಮುಖ ಸಿಂಡರಿಸಿಕೊಂಡು, ಆಮೇಲೆ ಸಿಗುವ ಮೆಂತೆ ಗಂಜಿಯ ಆಸೆಯಲ್ಲಿ. ಮರಕ್ಕೆ ಕಬ್ಬಿಣ ತಾಗಿಸಬಾರದು, ಕಲ್ಲಿನಿಂದಲೇ ಕೆತ್ತಬೇಕು ಎಂಬುದು ಕಟ್ಟಳೆ. ಕತ್ತಲಲ್ಲಿ ಮರ ತಪ್ಪಬಾರದೆಂದು ಹಿಂದಿನ ದಿನವೇ ಹೋಗಿ ಗುರುತು ಮಾಡಿ ಬರುವುದೂ ಇತ್ತು. ಈ ಎಚ್ಚರಿಕೆಗೆ ಕಾರಣವಿದೆ: ಅದೇ ಗುಡ್ಡಗಳಲ್ಲಿ ಬೆಳೆಯುವ ಕಾಸರಕ ವಿಷದ ಮರ. ಹಿರಿಯರ ಜೊತೆ ಮರದ ಬುಡದವರೆಗೆ ನಡೆದ ಮಗುವಿಗೆ ಎಲೆ, ತೊಗಟೆ, ಹಾಲಿನ ವ್ಯತ್ಯಾಸ ಗೊತ್ತಿರುತ್ತಿತ್ತು. ಈಗ ಕಷಾಯ ಪೇಟೆಯಲ್ಲಿ, ಸಂಘಗಳ ಕಾರ್ಯಕ್ರಮದಲ್ಲಿ ಲೋಟಕ್ಕೆ ಬರುತ್ತದೆ, ಮರ ಕಾಣುವುದಿಲ್ಲ.

ನಾಗಬನದ ಕಥೆ ಇನ್ನೂ ಚಿಕ್ಕದು, ಇನ್ನೂ ಬೇಸರದ್ದು. ಬನದೊಳಗೆ ಎಲೆ ಕೀಳಬಾರದು, ಉಗುಳಬಾರದು ಎಂದು ಮಕ್ಕಳಿಗೆ ಹೆದರಿಸಿ ಕಲಿಸಿದ್ದರಿಂದಲೇ ಗದ್ದೆಗಳ ನಡುವೆ ಬೈನೆ, ರೆಂಜೆ, ಬಳ್ಳಿಗಳ ತುಂಡು ಕಾಡುಗಳು ಉಳಿದವು. ಇತ್ತೀಚಿನ ದಶಕಗಳಲ್ಲಿ ಜೀರ್ಣೋದ್ಧಾರದ ಹೆಸರಲ್ಲಿ ಎಷ್ಟೋ ಕಡೆ ಮರ ಹೋಗಿ ಸಿಮೆಂಟಿನ ಕಟ್ಟೆ ಬಂದಿದೆ. ನಾಗನಿಗೆ ನೆಲೆ ಸಿಕ್ಕಿತು, ಬನ ಹೋಯಿತು.

ಡೇರೆಯ ಶಿಬಿರದ ಮೂಲ ಬೇರೆ. 1907ರ ಆಗಸ್ಟಿನಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಬೇಡನ್ ಪೊವೆಲ್ ಹುಡುಗರನ್ನು ಕೂಡಿಸಿ ನಡೆಸಿದ ಶಿಬಿರದಿಂದ ಸ್ಕೌಟ್ ಚಳವಳಿ ಹುಟ್ಟಿತು. ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ರೂಪುಗೊಂಡದ್ದು 1950ರಲ್ಲಿ. ಶಾಲೆಗಳ ಮೂಲಕ ಇದು ಕರಾವಳಿಗೂ ಬಂತು. 2022ರ ಡಿಸೆಂಬರ್ 21ರಿಂದ 27ರವರೆಗೆ ಮೂಡುಬಿದಿರೆಯ ಆಳ್ವಾಸ್ ಶಿಕ್ಷಣ ಸಂಸ್ಥೆಯ ಆವರಣದಲ್ಲಿ ಸ್ಕೌಟ್ಸ್ ಮತ್ತು ಗೈಡ್ಸ್‌ನ ಅಂತಾರಾಷ್ಟ್ರೀಯ ಸಾಂಸ್ಕೃತಿಕ ಜಾಂಬೂರಿ ನಡೆಯಿತು.

ಕುಟುಂಬ ಸಮೇತ ಘಟ್ಟಕ್ಕೆ ಹೋಗುವುದು ಮಾತ್ರ ಇನ್ನೂ ಹೊಸ ರೂಢಿ. ಬೆಳ್ತಂಗಡಿಯ ಗಡಾಯಿಕಲ್ಲು, ಬಂಡಾಜೆ ಜಲಪಾತದ ಕಡೆಗೆ ರಜೆಯಲ್ಲಿ ಮಕ್ಕಳೊಂದಿಗೆ ಹತ್ತುವವರು ಹೆಚ್ಚಿದ್ದಾರೆ. ತಾಲೂಕಿನ ಮೂಡಣ ಅಂಚಿನ ಕಾಡು 1987ರಲ್ಲಿ ಘೋಷಣೆಯಾದ ಕುದುರೆಮುಖ ರಾಷ್ಟ್ರೀಯ ಉದ್ಯಾನಕ್ಕೆ ತಾಗಿಕೊಂಡಿದೆ. ಉದ್ಯಾನದೊಳಗೆ ಚಾರಣಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು. ಡೇರೆ ಹಾಕಿ ರಾತ್ರಿ ತಂಗುವಂತಿಲ್ಲ, ಕತ್ತಲಾಗುವ ಮೊದಲು ಕೆಳಗಿಳಿಯಬೇಕು.